ಎರಡು ಜಿಬಿ ಕಾರ್ಡಿನ ಹಾಡುಗಳು

ಅಣ್ಣ ಪಿಯುಸಿ ಓದುವಾಗ ಬಸ್‌ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯಲ್ಲಿ 20 ರೂಪಾಯಿ ಕೊಟ್ಟು 2 ಜಿಬಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬರುತ್ತಿದ್ದ. ಅಂಗಡಿಯವನು ನೆಟ್‌ನಿಂದ ಇಳಿಸಿಟ್ಟಿದ್ದ ‘ಮುಂಗಾರು ಮಳೆ’ ಹಾಡುಗಳ ಜೊತೆ ನಾವು ಕೇಳದ ತೆಲುಗು ಹಾಡುಗಳೂ ಬರುತ್ತಿದ್ದವು. ಸಂಜೆಯೊಳಗೆ ಬ್ಲೂಟೂತ್‌ನಲ್ಲಿ ಇಡೀ ಓಣಿಗೆ ಹಂಚಿಕೆ! ಹಾಡಿದವರಿಗೆ ಒಂದು ಪೈಸೆಯೂ ಸೇರುತ್ತಿರಲಿಲ್ಲ ಎಂಬುದು ಆಗ ನಮಗೆ ಹೊಳೆದಿರಲಿಲ್ಲ. ಅಮೆರಿಕದಲ್ಲಿ 1999ರಲ್ಲಿ ಶುರುವಾದ ನ್ಯಾಪ್‌ಸ್ಟರ್, ಹೀಗೆ ಪುಕ್ಕಟೆ ಹಾಡು ಹಂಚಿಕೊಳ್ಳಲು ದಾರಿ ಮಾಡಿಕೊಟ್ಟು ಸಂಗೀತ ಕಂಪನಿಗಳ ಮೊಕದ್ದಮೆಗೆ ಸಿಕ್ಕಿ 2001ರಲ್ಲಿ ಬಾಗಿಲು ಮುಚ್ಚಿದ್ದು ನನಗೆ ಗೊತ್ತಾಗಿದ್ದು ಬಿಇಗೆ ಸೇರಿದ ಮೇಲೆ.

ಈಗ ತಿಂಗಳ ಚಂದಾ ಕಟ್ಟಿ ಆ್ಯಪ್‌ನಲ್ಲಿ ಕೇಳುತ್ತೇನೆ. ಗೆಳೆಯರಿಗೆ ಕಳಿಸುವುದು ಹಾಡನ್ನಲ್ಲ, ಲಿಂಕನ್ನು. ಕಳೆದ ಸೆಮಿಸ್ಟರ್ ಪರೀಕ್ಷಾ ಶುಲ್ಕ ಕಟ್ಟಿ ಕೈ ಖಾಲಿಯಾಗಿ ಚಂದಾ ತಪ್ಪಿತು. ಡೌನ್‌ಲೋಡ್ ಮಾಡಿಟ್ಟಿದ್ದ ಹಾಡುಗಳೂ ಬಾಯಿ ಮುಚ್ಚಿಕೊಂಡವು.

ಊರಿಗೆ ಹೋದರೆ ಅಣ್ಣನ ಹಳೇ ಕಾರ್ಡು ಅಪ್ಪನ ಕೀಪ್ಯಾಡ್ ಮೊಬೈಲಿನಲ್ಲಿ ಇನ್ನೂ ಹಾಡುತ್ತಿತ್ತು. ಅಕ್ಕನ ಮದುವೆಯಲ್ಲಿ ಅಜ್ಜಿ ಹೇಳಿದ ಸೋಬಾನೆ ಪದವೂ ಅದರಲ್ಲಿದೆ, ಅಣ್ಣ ರೆಕಾರ್ಡ್ ಮಾಡಿದ್ದು. ಅಜ್ಜಿ ಈಗಿಲ್ಲ. ಕೋಟಿಗಟ್ಟಲೆ ಹಾಡಿರುವ ಆ್ಯಪ್‌ಗಳಲ್ಲಿ ಆ ದನಿ ಎಲ್ಲಿ ಸಿಗಬೇಕು? ಲ್ಯಾಪ್‌ಟಾಪಿಗೆ ಹಾಕಿದರೆ ಎರಡು ಸಲ ಕಾರ್ಡು ತೆರೆಯಲೇ ಇಲ್ಲ, ಎದೆ ಧಸಕ್ಕೆಂದಿತು. ಮೂರನೇ ಸಲ ತೆರೆಯಿತು. ಇಳಿಸಿಕೊಂಡು ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ಐದೇ ನಿಮಿಷದಲ್ಲಿ ಪುಣೆಯಿಂದ ಅತ್ತೆ ಫೋನ್ ಮಾಡಿದರು: “ಅರ್ಧಕ್ಕೇ ನಿಂತುಹೋಗಿದೆಯಲ್ಲೋ, ಪೂರ್ತಿ ಇಲ್ವಾ?” ಇರಲಿಲ್ಲ. ಮಿಕ್ಕ ಅರ್ಧವನ್ನು ಅತ್ತೆಯೇ ಫೋನಿನಲ್ಲಿ ಹೇಳಿದರು, ನಾನು ರೆಕಾರ್ಡ್ ಮಾಡಿಕೊಂಡೆ.