ಕತ್ತಿಗೆ ತಕ್ಕ ಸಾಣೆಯಂತ್ರ

ನಮ್ಮ ಮನೆಗಳ ಮೆಟ್ಟುಕತ್ತಿಗೂ ತೋಟದ ಹುಲ್ಲುಕತ್ತಿಗೂ ಕುಲುಮೆಯಲ್ಲಿ ರೂಪ ಬರುತ್ತದೆ, ಹದ ಬರುತ್ತದೆ. ಬಾಯಿ ಬರುವುದು ಮಾತ್ರ ಸಾಣೆಯಲ್ಲಿ. ಹಿಂದೆ ಕುರುಂದದ ಪುಡಿಯನ್ನು ಅರಗಿನೊಡನೆ ಕಲಸಿ ಸಾಣೆಯ ಚಕ್ರವನ್ನು ಮಾಡುತ್ತಿದ್ದರು. ಈಗ ಬಟ್ಟೆಯ ಪಟ್ಟಿಯ ಮೇಲೆ ಅಂಟಿಸಿ ಬರುವ ಅಲ್ಯುಮಿನಿಯಂ ಆಕ್ಸೈಡಿನ ಹರಳೂ ಮೂಲತಃ ಅದೇ ವಸ್ತು, ವಿದ್ಯುತ್ ಕುಲುಮೆಯಲ್ಲಿ ಮಾಡಿದ್ದು ಅಷ್ಟೆ. ಇಂಗ್ಲಿಷಿನ 'ಕೊರಂಡಮ್' ಎಂಬ ಹೆಸರು ತಮಿಳಿನ 'ಕುರುಂದಂ' ಶಬ್ದದಿಂದ ಹುಟ್ಟಿದುದು. ಅಮೇರಿಕದ ಅಚೆಸನ್ ೧೮೯೧ರಲ್ಲಿ ಮತ್ತೊಂದು ಗಟ್ಟಿ ಹರಳನ್ನು ತಯಾರಿಸಿ, ಅದಕ್ಕೆ 'ಕಾರ್ಬೊರಂಡಮ್' ಎಂದು ಹೆಸರಿಟ್ಟಾಗ ನಮ್ಮ ಕಡೆಯ ಶಬ್ದದ ಬಾಲವೂ ಅದರೊಳಗೆ ಸೇರಿಕೊಂಡಿತು! ಭಾಷೆ ಕಲಿಸುವವನ ಚಪಲವಿದು, ಇರಲಿ.

ನಮ್ಮ ಶಾಲೆಯ ಹಳೆವಿದ್ಯಾರ್ಥಿಯೊಬ್ಬ ತಂದೆಯ ಕುಲುಮೆಯನ್ನು ಮುಂದುವರಿಸುತ್ತಿದ್ದಾನೆ. "ಮಾಸ್ಟ್ರೇ, ಸಾಲ ತೆಗೆದು ಬೆಲ್ಟ್ ಗ್ರೈಂಡರ್ ತರಬೇಕೆಂದಿದ್ದೇನೆ, ಇದನ್ನೊಮ್ಮೆ ಓದಿ ಹೇಳಿ" ಎಂದು ಇಂಗ್ಲಿಷಿನ ಕೆಲವು ಹಾಳೆಗಳನ್ನು ತಂದುಕೊಟ್ಟ. ತಪ್ಪಾದ ಯಂತ್ರ ಬಂದರೆ ಅದು ಮೂಲೆ ಸೇರೀತು, ಸಾಲದ ಕಂತು ಮೂಲೆ ಸೇರದು. ಆಗ ಓದಿ, ಕೇಳಿ, ಅವನ ಕುಲುಮೆಯಲ್ಲಿ ಕುಳಿತು ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಕೈಕಸುಬಿಗೆ ಇಳಿಯುವ ಇತರ ಹುಡುಗರಿಗೂ ಉಪಯೋಗವಾದೀತು.

ಸಾಮಾನ್ಯ ಬೆಲ್ಟ್ ಗ್ರೈಂಡರಿನಲ್ಲಿ ಪಟ್ಟಿಯು ನಮ್ಮೆದುರು ಮೇಲಿನಿಂದ ಕೆಳಕ್ಕೆ ಓಡುತ್ತದೆ. ಅಡ್ಡ ಗ್ರೈಂಡರಿನಲ್ಲಿ ಅದೇ ಪಟ್ಟಿ ಬೇಲಿಯಂತೆ ಅಂಚಿನ ಮೇಲೆ ನಿಂತು, ಎಡಬಲಕ್ಕೆ ಓಡುತ್ತದೆ. ಅದರ ಬುಡದಲ್ಲಿ ಒಂದು ಸಮತಟ್ಟಾದ ಮೇಜು ಇರುತ್ತದೆ. ಅಲಗನ್ನು ಮೇಜಿನ ಮೇಲೆ ಮಲಗಿಸಿ ಪಟ್ಟಿಗೆ ಒತ್ತಿದರೆ ಅಂಚು ನೇರ ೯೦ ಡಿಗ್ರಿಯಲ್ಲಿ ಸವೆಯುತ್ತದೆ. ಕತ್ತಿಯ ಹೊರ ಆಕಾರವನ್ನು ತಿದ್ದುವುದಕ್ಕೆ, ಹಿಡಿಯಲ್ಲಿ ಬೆರಳು ಕೂರುವ ಒಳಬಾಗನ್ನು ಸಣ್ಣ ಚಕ್ರದ ಮೇಲೆ ಕೊರೆಯುವುದಕ್ಕೆ ಇದಕ್ಕೆ ಸಮನಾದುದಿಲ್ಲ. ಆದರೆ ಬಾಯಿಯ ಇಳಿಜಾರನ್ನು ತೆಗೆಯುವ ದೊಡ್ಡ ಕೆಲಸಕ್ಕೆ ಹೆಚ್ಚಿನವರು ನಿಂತ ಪಟ್ಟಿಯನ್ನೇ ಮೆಚ್ಚುತ್ತಾರೆ. ನಮ್ಮ ಹುಡುಗನ ಕೆಲಸದಲ್ಲಿ ಮುಕ್ಕಾಲು ಪಾಲು ಈ ಇಳಿಜಾರೇ. ಆದುದರಿಂದ ಬರೇ ಅಡ್ಡ ಯಂತ್ರ ಅವನಿಗೆ ಸಾಲದು. ಬೇಕಾದಾಗ ನಿಲ್ಲಿಸಿ, ಬೇಡವಾದಾಗ ಅಡ್ಡ ಮಲಗಿಸಲು ಬರುವ, ಒಂದೇ ಮೋಟಾರಿನ ಯಂತ್ರವೇ ಅವನಿಗೆ ತಕ್ಕುದು ಎಂದು ನನ್ನ ಅಭಿಪ್ರಾಯ. ಕುಶಲದ ಚೂರಿಗಳನ್ನೇ ಮಾಡಿ ಮಾರುವವನಾದರೆ ಎರಡನೆಯ ಯಂತ್ರವಾಗಿ ಅಡ್ಡ ಗ್ರೈಂಡರನ್ನು ಬೇರೆಯೇ ಇಟ್ಟುಕೊಳ್ಳಬಹುದು.

ಅಂಗಡಿಯವರು ಮೊದಲು ಹೇಳುವುದು ಮೋಟಾರಿನ ಅಶ್ವಶಕ್ತಿ. ಎರಡಿಂಚು ಅಗಲದ ಪಟ್ಟಿಗೆ ಒಂದೂವರೆಯಿಂದ ಎರಡು ಅಶ್ವಶಕ್ತಿ ಧಾರಾಳ ಸಾಕು. ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದುದು ಪಟ್ಟಿಯ ವೇಗ. ತರಗತಿಯಲ್ಲಿ ಕಲಿತ ವೃತ್ತದ ಪರಿಧಿಯ ಲೆಕ್ಕ ಇಲ್ಲಿ ಬೇಕಾಗುತ್ತದೆ. ೧೦ ಸೆಂಟಿಮೀಟರ್ ವ್ಯಾಸದ ಚಾಲಕ ಚಕ್ರದ ಪರಿಧಿ ಸುಮಾರು ೩೧.೪ ಸೆಂಟಿಮೀಟರ್. ಮೋಟಾರು ನಿಮಿಷಕ್ಕೆ ೧೪೪೦ ಸುತ್ತು ತಿರುಗಿದರೆ ಪಟ್ಟಿ ನಿಮಿಷಕ್ಕೆ ಸುಮಾರು ೪೫೨ ಮೀಟರ್ ಓಡುತ್ತದೆ. ೨೮೮೦ ಸುತ್ತಿನ ಮೋಟಾರಾದರೆ ಅದರ ಇಮ್ಮಡಿ.

ವೇಗ ಹೆಚ್ಚಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಶಾಖವೂ ಹೆಚ್ಚುತ್ತದೆ, ಕತ್ತಿ ಕೆಡುವುದು ಅಲ್ಲಿಯೇ. ಉಕ್ಕನ್ನು ಕೆಂಪಗೆ ಕಾಯಿಸಿ ಅದ್ದಿ ಗಡಸು ಮಾಡಿದ ಮೇಲೆ, ಸುಮಾರು ೨೦೦ ಡಿಗ್ರಿ ಸೆಂಟಿಗ್ರೇಡಿಗೆ ಮತ್ತೆ ಕಾಯಿಸಿ ಹದಗೊಳಿಸುತ್ತಾರೆ. ಆಗ ಅದರ ಮೈಯಲ್ಲಿ ಒಣಹುಲ್ಲಿನ ತೆಳು ಹಳದಿ ಬಣ್ಣ ಕಾಣುತ್ತದೆ. ೩೦೦ ಡಿಗ್ರಿಯ ಹತ್ತಿರ ಆ ಬಣ್ಣ ನೀಲಿಗೆ ತಿರುಗುತ್ತದೆ. ಬಾಯಿಯ ಅಂಚು ಕಾಗದದಷ್ಟು ತೆಳುವಾಗಿರುವಾಗ ವೇಗದ ಪಟ್ಟಿಗೆ ಕ್ಷಣಕಾಲ ಒತ್ತಿದರೂ ಸಾಕು, ನೀಲಿ ಗೆರೆ ಮೂಡಿಬಿಡುತ್ತದೆ. ಆ ಭಾಗದ ಗಡಸು ಹೋಯಿತೆಂದೇ ಅರ್ಥ. ಬಣ್ಣವನ್ನು ಉಜ್ಜಿ ತೆಗೆಯಬಹುದು, ಕತ್ತಿ ಹೊಳೆಯಲೂಬಹುದು. ಕೊಂಡವನು ಹಲಸಿನ ಕಾಯಿಯನ್ನು ಸೀಳುವಾಗ ಬಾಯಿ ಮಡಚುತ್ತದೆ. ಮರುದಿನ ಅವನು ಬಂದು ನಿಲ್ಲುವುದು ಯಂತ್ರ ಮಾರಿದವನ ಬಾಗಿಲಲ್ಲಿ ಅಲ್ಲ, ನಮ್ಮ ಹುಡುಗನ ಬಾಗಿಲಲ್ಲಿ.

ಆದ್ದರಿಂದ ವೇಗವನ್ನು ಏರಿಸಿ ಇಳಿಸಲು ಬರುವ ಯಂತ್ರಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಒರಟು ಕೆಲಸಕ್ಕೆ ಹೆಚ್ಚು ವೇಗ, ಹದಗೊಳಿಸಿದ ಮೇಲಿನ ಕೆಲಸಕ್ಕೆ ಕಡಿಮೆ ವೇಗ, ಹೊಸ ಪಟ್ಟಿ, ಬರಿಗೈಯ ಹಿಡಿತ, ಪಕ್ಕದಲ್ಲಿ ಒಂದು ಬಕೆಟ್ ನೀರು. ಬೆರಳಿಗೆ ಬಿಸಿ ತಾಗಿದೊಡನೆ ಅದ್ದಬೇಕು. ವೇಗ ಬದಲಿಸುವ 'ವಿ.ಎಫ್.ಡಿ.' ಎಂಬ ಪೆಟ್ಟಿಗೆಯು ಮನೆಯ ಸಿಂಗಲ್ ಫೇಸ್ ಕರೆಂಟಿನಿಂದಲೇ ತ್ರೀ ಫೇಸ್ ಮೋಟಾರನ್ನು ಓಡಿಸುತ್ತದೆ. ಆದರೆ ಆ ಮೋಟಾರು ೨೩೦ ವೋಲ್ಟಿಗೆ ಜೋಡಿಸಲು ಬರುವಂಥದ್ದಾಗಿರಬೇಕು. ೪೧೫ ವೋಲ್ಟಿಗೆ ಮಾತ್ರ ಸುತ್ತಿದ್ದನ್ನು ತಂದರೆ ತಕ್ಕ ಬಲ ಬಾರದು. ಕೊಳ್ಳುವ ಮೊದಲು ಇಲೆಕ್ಟ್ರಿಷಿಯನರಿಗೆ ತೋರಿಸುವುದು ಲೇಸು. ಉಕ್ಕಿನ ಪುಡಿ ಒಳಗೆ ಹೋಗದಂತೆ ಮೋಟಾರು ಪೂರ್ತಿ ಮುಚ್ಚಿದ್ದಾಗಿರಬೇಕು.

ಪಟ್ಟಿ ಚಕ್ರದಿಂದ ಜಾರದೆ ಓಡುವುದು ಹೇಗೆ? ಒಂದು ಚಕ್ರದ ನಡುಭಾಗವನ್ನು ತುಸು ಉಬ್ಬಿಸಿರುತ್ತಾರೆ. ಓಡುವ ಪಟ್ಟಿ ತಗ್ಗಿಗೆ ಇಳಿಯುವ ಬದಲು ಉಬ್ಬಿನತ್ತ ಏರುತ್ತದೆ! ಹಿಟ್ಟಿನ ಗಿರಣಿಯಲ್ಲಿಯೂ ಇದನ್ನು ನೋಡಬಹುದು. ಅಡ್ಡ ಮಲಗಿಸಿದಾಗ ಪಟ್ಟಿಯ ಭಾರವೂ ಅದನ್ನು ಕೆಳಕ್ಕೆ ಎಳೆಯುವುದರಿಂದ, ಅಂಗಡಿಯಲ್ಲಿಯೇ ಯಂತ್ರವನ್ನು ಅಡ್ಡ ಹಾಕಿಸಿ, ವೇಗ ಬದಲಿಸಿ ಓಡಿಸಿ ನೋಡಬೇಕು. ಪಟ್ಟಿ ಸರಿದರೆ, ಕೈಗೆ ನಡುಕ ತಿಳಿದರೆ ಹಿಂದೆ ಬರುವುದೇ ಒಳ್ಳೆಯದು.

ಅಡ್ಡ ಪಟ್ಟಿಯಲ್ಲಿ ಒಂದು ಅಪಾಯ ಉಂಟು. ಪಟ್ಟಿಯ ಓಟ ಕತ್ತಿಯ ಹಿಡಿಯ ಕಡೆಯಿಂದ ತುದಿಯ ಕಡೆಗೆ ಇರುವಂತೆ ಹಿಡಿಯಬೇಕು. ತುದಿ ಓಟಕ್ಕೆ ಎದುರಾದರೆ ಪಟ್ಟಿಗೆ ಸಿಕ್ಕಿ ಕತ್ತಿ ಕೈಯಿಂದ ಹಾರುತ್ತದೆ. ಸಡಿಲ ತೋಳಿನ ಅಂಗಿ, ಹೆಗಲ ಬೈರಾಸು, ಕೈಚೀಲ ಇವು ಕೂಡದು. ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮಾಸ್ಕ್ ಬೇಕೇ ಬೇಕು. ಹಿಡಿಯ ಮರದ ಪುಡಿ ಬಿದ್ದಲ್ಲಿ ಉಕ್ಕಿನ ಕಿಡಿ ಬಿದ್ದರೆ ಬೆಂಕಿ ಹೊತ್ತೀತು, ಆಗಾಗ ಗುಡಿಸುತ್ತಿರಬೇಕು.

ಕೊನೆಗೆ ಪಟ್ಟಿಯ ಮಾತು. ಯಂತ್ರವನ್ನು ಒಮ್ಮೆ ಕೊಳ್ಳುತ್ತೇವೆ, ಪಟ್ಟಿಯನ್ನು ಸದಾ ಕೊಳ್ಳುತ್ತಿರುತ್ತೇವೆ. ಹೊರದೇಶಗಳ ಚೂರಿ ತಯಾರಕರಲ್ಲಿ ೨ ಇಂಚು ಅಗಲ, ೭೨ ಇಂಚು ಉದ್ದದ ಪಟ್ಟಿ ರೂಢಿಯಾಗಿದೆ. ಆ ಅಳತೆಯಲ್ಲಿ ೩೬ರ ಒರಟಿನಿಂದ ೪೦೦ರ ನಯದವರೆಗೂ ಅದರಾಚೆಗೂ ಬಗೆಬಗೆಯವು ದೊರೆಯುತ್ತವೆ. ಸಂಖ್ಯೆ ಹೆಚ್ಚಿದಷ್ಟೂ ಹರಳು ಸಣ್ಣದು. ವಿಚಿತ್ರ ಅಳತೆಯ ಅಗ್ಗದ ಯಂತ್ರ ತಂದರೆ ಪಟ್ಟಿಗಾಗಿ ಅಲೆಯಬೇಕಾದೀತು. ನಮ್ಮಲ್ಲಿ ಆಟಿಯ ಮಳೆಯ ತೇವಕ್ಕೆ ಪಟ್ಟಿಯ ಅಂಟು ಸಡಿಲುವುದರಿಂದ, ಮಡಚಿ ಮೂಲೆಯಲ್ಲಿಡದೆ, ದಪ್ಪನೆಯ ಗೂಟಕ್ಕೆ ತೂಗಹಾಕಿ ಒಣಗಿದ ಜಾಗದಲ್ಲಿ ಇಡಬೇಕು. ಹುಡುಗ ಈಗ ಅವನ್ನು ತನ್ನ ಅಡಿಗೆಮನೆಯ ಒಲೆಯ ಮೇಲಿನ ಅಡ್ಡದಲ್ಲಿ ತೂಗಹಾಕಿದ್ದಾನೆ. ತಾಯಿಯ ಒಪ್ಪಿಗೆ ಇನ್ನೂ ಪೂರ್ತಿ ಸಿಕ್ಕಿಲ್ಲ.