ಹೊಸ ಕಂಪ್ಯೂಟರ್ ತಾನೇ ಆಫ್ ಆದರೆ: ಬಿಸಿಯೋ, ವಿದ್ಯುತ್ತೋ?

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಆನ್‌ಲೈನಿನಲ್ಲೋ ಬಿಡಿಭಾಗ ಕೊಂಡು ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್ ಮೊದಲ ವಾರದಲ್ಲೇ, ಆಟದ ನಡುವೆ ಫಕ್ಕನೆ ಆಫ್ ಆದರೆ ಪ್ರೊಸೆಸರೇ ಹೋಯಿತೆಂದು ಗಾಬರಿಯಾಗುವವರು ಹೆಚ್ಚು. ಪ್ರೊಸೆಸರ್ ಕೆಟ್ಟಿರುವುದು ಅಪರೂಪ. ಹೀಗೆ ಆಫ್ ಆಗುವುದು ಬಹಳ ಸಲ ಯಂತ್ರ ತನ್ನನ್ನು ಕಾಪಾಡಿಕೊಳ್ಳುವ ಬಗೆ. ಯಾವುದರಿಂದ ಕಾಪಾಡಿಕೊಂಡಿತು ಎಂಬುದಕ್ಕೆ ಸುಳಿವು, ಆಫ್ ಆಗುವ ಮುಂಚಿನ ಕೆಲವು ನಿಮಿಷಗಳ ತಾಪಮಾನದಲ್ಲಿದೆ.

ಪ್ರೊಸೆಸರ್ ಸೆಳೆದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. 2021ರಲ್ಲಿ ಬಂದ ಇಂಟೆಲ್ ಕೋರ್ ಐ9-12900ಕೆ ಪೂರ್ತಿ ದುಡಿಯುವಾಗ 241 ವ್ಯಾಟ್‌ವರೆಗೆ ಸೆಳೆಯಬಲ್ಲದು. ಅದರ ಸಿಲಿಕಾನ್ ಚೂರಿನ ವಿಸ್ತೀರ್ಣ ಎರಡು ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಅಂದರೆ ಚದರ ಸೆಂಟಿಮೀಟರಿಗೆ 100 ವ್ಯಾಟ್ ಮೀರಿದ ಶಾಖ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯ ತಳದಲ್ಲೂ ಇದರ ಹತ್ತನೇ ಒಂದರಷ್ಟು ದಟ್ಟಣೆ ಇರುವುದಿಲ್ಲ. ತಾಪ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಈ ಚಿಪ್ ತಾನಾಗಿ ವೇಗ ತಗ್ಗಿಸುತ್ತದೆ. ಎಎಂಡಿಯ ರೈಜನ್ 7000 ಸರಣಿಯ ಹೆಚ್ಚಿನ ಚಿಪ್‌ಗಳಲ್ಲಿ ಆ ಗೆರೆ 95 ಡಿಗ್ರಿ. ಆಗಲೂ ತಾಪ ಇಳಿಯದೆ ಅಪಾಯದ ಮಟ್ಟಕ್ಕೆ ಏರಿದರೆ ಮಾತ್ರ, ವಿದ್ಯುತ್ ಕಡಿಯುವಂತೆ ಮದರ್‌ಬೋರ್ಡಿಗೆ ಸಂಕೇತ ಹೋಗುತ್ತದೆ.

ಈ ಕಾವಲು ಮೊದಲಿನಿಂದಲೂ ಎಲ್ಲ ಚಿಪ್‌ಗಳಲ್ಲಿ ಇರಲಿಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಸಂಸ್ಥೆಯವರು ಓಡುತ್ತಿರುವ ಕಂಪ್ಯೂಟರುಗಳ ಹೀಟ್‌ಸಿಂಕ್ ಕಿತ್ತು ತೆಗೆದು ವಿಡಿಯೊ ಮಾಡಿದ್ದರು. ಇಂಟೆಲ್‌ನ ಪೆಂಟಿಯಮ್ 4 ವೇಗ ಕುಗ್ಗಿಸಿಕೊಂಡು ಉಳಿಯಿತು, ಎಎಂಡಿಯ ಅಂದಿನ ಅಥ್ಲಾನ್ ಹೊಗೆಯಾಡಿ ಸತ್ತಿತು. ಇಂದು ಎರಡೂ ಕಂಪನಿಗಳ ಚಿಪ್‌ಗಳಲ್ಲಿ ಈ ಕಾವಲು ಇರುವುದರಿಂದ, ಬಿಸಿಯಿಂದ ಆಫ್ ಆಗುವ ಯಂತ್ರ ಸಾಮಾನ್ಯವಾಗಿ ಅದಕ್ಕೂ ಮೊದಲು ಮಂದವಾಗುತ್ತದೆ, ಆಟ ತಡವರಿಸುತ್ತದೆ.

ಹಾಗಾಗಿ ಮೊದಲು ತಾಪಮಾನವನ್ನು ದಾಖಲಿಸಿಕೊಳ್ಳಬೇಕು. ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ಅಂಕಿಗಳನ್ನು ಕಡತಕ್ಕೆ ಬರೆಯುತ್ತ ಹೋಗುವುದರಿಂದ ಕಂಪ್ಯೂಟರ್ ಆಫ್ ಆದ ಮೇಲೂ ಅವು ಸಿಗುತ್ತವೆ. ಜೊತೆಗೆ ಸಿನಿಬೆಂಚ್ ಓಡಿಸಿ ಪ್ರೊಸೆಸರಿಗೆ ಪೂರ್ತಿ ಹೊರೆ ಕೊಟ್ಟು ತಾಪ ಏರುವ ಬಗೆಯನ್ನು ಗಮನಿಸಿ.

ಕೆಲವೇ ಸೆಕೆಂಡುಗಳಲ್ಲಿ 95 ದಾಟಿತೇ? ಶಾಖ ಕೂಲರಿನ ಲೋಹಕ್ಕೆ ದಾಟುತ್ತಲೇ ಇಲ್ಲ ಎಂಬ ಶಂಕೆ ಬಲವಾಗಬೇಕು. ತಾಮ್ರ ಗಾಳಿಗಿಂತ ಸುಮಾರು 15 ಸಾವಿರ ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಹಾಗಾಗಿ ಚಿಪ್ ಮತ್ತು ಕೂಲರ್ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಕೆಲಸ ಕೆಟ್ಟಂತೆ. ಆ ಸಂದು ತುಂಬಲೆಂದೇ ಥರ್ಮಲ್ ಪೇಸ್ಟ್. ಕೂಲರಿನ ತಳದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸುಲಿಯದೇ ಕೂರಿಸುವುದು ಹೊಸ ಜೋಡಣೆಗಳಲ್ಲಿ ನಡೆಯುತ್ತಲೇ ಇರುವ ತಪ್ಪು. ಇಂಟೆಲ್ ಜೊತೆ ಬರುವ ಕೂಲರಿನ ನಾಲ್ಕು ಗೂಟಗಳಲ್ಲಿ ಒಂದು ಪೂರ್ತಿ ಕಚ್ಚಿಕೊಳ್ಳದಿದ್ದರೂ ಇದೇ ಫಲ. ನೀರಿನ ಕೂಲರಾದರೆ ಪಂಪಿನ ವೈರ್ ಸಿಕ್ಕಿಸಿದ್ದೀರಾ ನೋಡಿ. ಕೂಲರನ್ನು ಬಿಚ್ಚಿದರೆ ಹಳೇ ಪೇಸ್ಟ್ ಒರೆಸಿ ಹೊಸದನ್ನೇ ಹಚ್ಚಬೇಕು.

ಹತ್ತು ಹದಿನೈದು ನಿಮಿಷ ಮೆಲ್ಲಗೆ ಏರಿ ಮಿತಿ ಮುಟ್ಟಿತೆಂದರೆ ಕೂಲರ್ ತನ್ನ ಕೆಲಸ ಮಾಡುತ್ತಿದೆ, ಕ್ಯಾಬಿನೆಟ್ಟಿನೊಳಗಿನ ಬಿಸಿಗಾಳಿ ಹೊರಹೋಗುತ್ತಿಲ್ಲ. ಪಕ್ಕದ ಬಾಗಿಲು ತೆಗೆದು ಮತ್ತೆ ಓಡಿಸಿ. ತಾಪ ಚೆನ್ನಾಗಿ ಇಳಿದರೆ ಫ್ಯಾನುಗಳ ದಿಕ್ಕು ಪರೀಕ್ಷಿಸಿ. ಮೋಟರನ್ನು ಹಿಡಿದಿರುವ ಅಡ್ಡಪಟ್ಟಿಗಳಿರುವ ಕಡೆಯಿಂದ ಗಾಳಿ ಹೊರಬೀಳುತ್ತದೆ. ಕೂಲರ್ ಚಿಪ್ಪನ್ನು ಕೋಣೆಗಿಂತ ತಂಪು ಮಾಡಲಾರದು. ಕೋಣೆಯ ಗಾಳಿ 25ರಿಂದ 40 ಡಿಗ್ರಿಗೆ ಏರಿದರೆ ಚಿಪ್ಪಿನ ತಾಪವೂ ಹೆಚ್ಚುಕಡಿಮೆ 15 ಡಿಗ್ರಿ ಮೇಲೇರುತ್ತದೆ. ಜನವರಿಯಲ್ಲಿ ಸರಿಯಾಗಿದ್ದ ಯಂತ್ರ ಕಲಬುರಗಿಯ ಮೇ ತಿಂಗಳಲ್ಲಿ ಮುಷ್ಕರ ಹೂಡುವುದು ಇದಕ್ಕೇ.

ತಾಪ 70ರ ಆಸುಪಾಸಿನಲ್ಲಿ ನೆಮ್ಮದಿಯಾಗಿದ್ದಾಗಲೇ ಆಫ್ ಆದರೆ ಬಿಸಿಯ ಮಾತನ್ನು ಬದಿಗಿಟ್ಟು, ಬಿಡಿಭಾಗಗಳಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಕಡೆ ತಿರುಗಿ. ವಿಂಡೋಸ್ ದಾಖಲೆಯಲ್ಲಿ ಕರ್ನಲ್-ಪವರ್ 41 ಎಂಬ ಸಾಲು ಕಂಡು ಬಹಳ ಮಂದಿ ಕಾರಣ ಸಿಕ್ಕಿತೆಂದುಕೊಳ್ಳುತ್ತಾರೆ. ಕಳೆದ ಬಾರಿ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಕ್ಕಿಂತ ಹೆಚ್ಚೇನನ್ನೂ ಆ ಸಾಲು ಹೇಳುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಕ್ಷಣಾರ್ಧಕ್ಕೆ ತನ್ನ ಸಾಮಾನ್ಯ ಸೆಳೆತದ ಎರಡು ಪಟ್ಟು ಎಳೆಯಬಹುದು. ಬಡ ಎಸ್‌ಎಂಪಿಎಸ್ ಅದನ್ನು ಅತಿಹೊರೆಯೆಂದು ತಿಳಿದು ಬಾಗಿಲು ಹಾಕುತ್ತದೆ. 2022ರ ಎಟಿಎಕ್ಸ್ 3.0 ಮಾನದಂಡ ಇಂಥ ಜಿಗಿತಗಳನ್ನು ತಾಳಿಕೊಳ್ಳಲೇಬೇಕೆಂದು ವಿಧಿಸಿತು. ಕಾರ್ಡಿನಲ್ಲಿ ಎರಡು 8-ಪಿನ್ ಕಿಂಡಿಗಳಿದ್ದರೆ ಒಂದೇ ಕೇಬಲಿನ ಕವಲುಗಳ ಬದಲು ಎರಡು ಬೇರೆ ಕೇಬಲ್ ಕೊಡುವುದು ಒಳ್ಳೆಯದು.

ಮನೆಯ ಇನ್ವರ್ಟರನ್ನೂ ಮರೆಯಬೇಡಿ. ಕರೆಂಟ್ ಕಡಿದ ಮೇಲೆ ಎಸ್‌ಎಂಪಿಎಸ್ ತಡೆದುಕೊಳ್ಳಬೇಕಾದ ಅವಧಿ ಬರೀ 16-17 ಮಿಲಿಸೆಕೆಂಡ್. ಇನ್ವರ್ಟರ್ ಬ್ಯಾಟರಿಗೆ ಬದಲಾಗುವುದು ಅದಕ್ಕಿಂತ ತಡವಾದರೆ ಬಲ್ಬು ಒಮ್ಮೆ ಮಿಟುಕಿ ಉಳಿಯುತ್ತದೆ, ಕಂಪ್ಯೂಟರ್ ಉಳಿಯುವುದಿಲ್ಲ. ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಹಾಕಿ. ಮದರ್‌ಬೋರ್ಡ್ ಅಡಿಯಲ್ಲಿ ಬೇಡದ ಜಾಗದಲ್ಲೊಂದು ಹಿತ್ತಾಳೆಯ ಗೂಟ ಉಳಿದು ಶಾರ್ಟ್ ಆಗುವುದೂ, ಒಳಕ್ಕೇ ಸಿಕ್ಕಿಕೊಂಡ ಪವರ್ ಬಟನ್ ನಾಲ್ಕು ಸೆಕೆಂಡಿಗೆ ಯಂತ್ರವನ್ನು ಮಲಗಿಸುವುದೂ ಉಂಟು.

ಎಲ್ಲ ನೋಡಿದ ಮೇಲೂ ಆಫ್ ಆಗುತ್ತಿದ್ದರೆ, ಗೆಳೆಯರ ಬಳಿಯಿಂದ ಸಾಕಷ್ಟು ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್ ಎರವಲು ತಂದು ಹಾಕಿ ನೋಡಿ. ಅದರ ಜೊತೆ ಅದರದೇ ಕೇಬಲ್ ಬಳಸಿ. ಬಿಚ್ಚಬಹುದಾದ ಕೇಬಲ್‌ಗಳ ಎಸ್‌ಎಂಪಿಎಸ್ ತುದಿಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಒಂದರದ್ದನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ವೋಲ್ಟ್ ಹರಿದು ಹಾರ್ಡ್ ಡಿಸ್ಕ್ ಸುಟ್ಟೀತು.