‘ಫ್ರೆಂಚ್ ಕ್ಯಾನ್‌ಕ್ಯಾನ್’: ಉಲ್ಲಾಸದ ಹಿಂದಿನ ದುಡಿಮೆ

ಯುದ್ಧದ ಕಾರಣದಿಂದ 1940ರಲ್ಲಿ ಫ್ರಾನ್ಸನ್ನು ತೊರೆದ ಝಾನ್ ರೆನ್ವಾರ್, ತಾಯ್ನಾಡಿಗೆ ಮರಳಿ 1954ರಲ್ಲಿ ಚಿತ್ರೀಕರಿಸಿದ ಕೃತಿ ‘ಫ್ರೆಂಚ್ ಕ್ಯಾನ್‌ಕ್ಯಾನ್’. ಬಂಗಾಳದ ಹೂಗ್ಲಿ ನದಿಯ ದಡದಲ್ಲಿ ಆತ ತೆಗೆದ ‘ದಿ ರಿವರ್’ (1951) ಭಾರತೀಯರಿಗೆ ಪರಿಚಿತ. ಅದರ ಗಾಂಭೀರ್ಯವನ್ನು ಮೆಚ್ಚಿದವರಲ್ಲಿ ಹಲವರು ಈ ಚಿತ್ರವನ್ನು ಹಗುರವಾದ ಮನರಂಜನೆಯೆಂದು ಬದಿಗಿರಿಸುವುದುಂಟು. ಈ ಅಭಿಪ್ರಾಯ ಮರುಪರಿಶೀಲನೆಗೆ ಅರ್ಹವಾಗಿದೆ.

ಕ್ಯಾನ್‌ಕ್ಯಾನ್ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಪ್ಯಾರಿಸಿನ ಶ್ರಮಿಕರ ನೃತ್ಯಶಾಲೆಗಳಲ್ಲಿ. ಆರಂಭದಲ್ಲಿ ಗಂಡಸರೂ ಕುಣಿಯುತ್ತಿದ್ದ ಈ ನೃತ್ಯ ಕ್ರಮೇಣ ವೃತ್ತಿನರ್ತಕಿಯರ ಪಾಲಾಯಿತು. 1889ರಲ್ಲಿ ಜಿಡ್ಲೇರ್ ಮತ್ತು ಒಲ್ಲೇರ್ ಎಂಬುವರು ಮೊಂಮಾರ್ತ್ರಿನ ತಪ್ಪಲಿನಲ್ಲಿ ತೆರೆದ ‘ಮೂಲಾಂ ರೂಜ್’ ಅದಕ್ಕೆ ಜಗತ್ಪ್ರಸಿದ್ಧಿಯನ್ನು ತಂದಿತು. ಚಿತ್ರದ ಕಥೆ ಈ ರಂಗಶಾಲೆಯ ಸ್ಥಾಪನೆಯನ್ನು ಕುರಿತದ್ದಾದರೂ ಇತಿಹಾಸಕ್ಕೆ ನಿಷ್ಠವಾಗಿಲ್ಲ, ಆ ನಿಷ್ಠೆಯನ್ನು ಅದು ಬಯಸುವುದೂ ಇಲ್ಲ.

ಸದಾ ಸಾಲದಲ್ಲಿ ಮುಳುಗಿರುವ ಡಾಂಗ್ಲಾರ್ (ಝಾನ್ ಗಬ್ಯಾಂ), ಬಟ್ಟೆ ಒಗೆಯುವ ನಿನಿ ಎಂಬ ಹುಡುಗಿಯನ್ನು (ಫ್ರಾಂಸ್ವಾಸ್ ಅರ್ನೂಲ್) ನರ್ತಕಿಯನ್ನಾಗಿ ರೂಪಿಸಲು ಹೊರಡುತ್ತಾನೆ. ಒಬ್ಬ ಹಿರಿಯ ನರ್ತಕಿಯ ಶಿಕ್ಷಣದಲ್ಲಿ ಹುಡುಗಿಯರು ನೋವಿನಿಂದ ಕಾಲು ಬಾಗಿಸಿ, ಬಿದ್ದು, ಮತ್ತೆ ಏಳುತ್ತಾರೆ. ಪ್ರೇಕ್ಷಕನ ಕಣ್ಣಿಗೆ ಚೆಲ್ಲಾಟವಾಗಿ ತೋರುವ ಕುಣಿತ ಮೈಮುರಿದು ಮಾಡಿದ ದುಡಿಮೆಯ ಫಲವೆಂಬುದನ್ನು ರೆನ್ವಾರ್ ಎಲ್ಲಿಯೂ ಮರೆಮಾಚುವುದಿಲ್ಲ.

ಮೊದಲ ಪ್ರದರ್ಶನದ ರಾತ್ರಿ ಡಾಂಗ್ಲಾರನ ಒಲವು ಬೇರೊಬ್ಬಳತ್ತ ಹೊರಳಿದ್ದನ್ನು ಕಂಡ ನಿನಿ ಕೋಣೆಯ ಬಾಗಿಲು ಹಾಕಿಕೊಂಡು ಕುಣಿಯಲೊಲ್ಲೆನೆನ್ನುತ್ತಾಳೆ. ಅವನು ಸಂತೈಸುವುದಿಲ್ಲ, ತಾನು ಯಾವ ಹೆಣ್ಣಿಗೂ ಸಲ್ಲತಕ್ಕವನಲ್ಲ, ರಂಗಕ್ಕೆ ಮಾತ್ರ ಸೇರಿದವನೆಂದು ನಿಷ್ಠುರವಾಗಿ ಸಾರುತ್ತಾನೆ. ಈ ಮಾತಿನಲ್ಲಿ ಸತ್ಯವೂ ಇದೆ, ಪುರುಷನ ಸ್ವಾರ್ಥಕ್ಕೊಂದು ಸೊಗಸಾದ ಸಮರ್ಥನೆಯೂ ಇದೆ. ನಿನಿ ಕುಣಿಯಲು ಒಪ್ಪುವುದು ಅವನಿಗೆ ಸೋತದ್ದರಿಂದಲೋ, ನೃತ್ಯ ಅದಾಗಲೇ ತನ್ನದಾಗಿದೆಯೆಂಬ ಅರಿವಿನಿಂದಲೋ? ಎರಡನೆಯದೇ ಚಿತ್ರದ ಒಟ್ಟು ಗತಿಗೆ ಹೊಂದುತ್ತದೆ. ಬೇಕರಿಯ ಹುಡುಗನೊಡನೆ ಸಂಸಾರವಾಗಲಿ, ರಾಜಕುಮಾರನ ಐಶ್ವರ್ಯವಾಗಲಿ ಅವಳಿಗೆ ಕೈಗೆಟುಕದ ವಸ್ತುಗಳಾಗಿರಲಿಲ್ಲವಷ್ಟೆ.

ಬಳಿಕ ಬರುವ ಸುದೀರ್ಘ ಕ್ಯಾನ್‌ಕ್ಯಾನ್‌ನಲ್ಲಿ ನರ್ತಕಿಯರು ರಂಗದಿಂದಷ್ಟೇ ಅಲ್ಲ, ಸಭಾಂಗಣದ ಎಲ್ಲೆಡೆಯಿಂದ ನುಗ್ಗಿ ಬರುತ್ತಾರೆ. ಲಂಗಗಳ ಬಿಳುಪು, ಕೆಂಪು, ಹಳದಿಗಳು ಒಂದರೊಳಗೊಂದು ಕರಗುತ್ತವೆ. ಮೊಂಮಾರ್ತ್ರಿನ ನೃತ್ಯಕೂಟವನ್ನು 1876ರಲ್ಲಿ ಚಿತ್ರಿಸಿದ ಒಗ್ಯುಸ್ತ್ ರೆನ್ವಾರನ ಮಗ ಈತನೆಂಬುದು ಇಲ್ಲಿ ನೆನಪಾಗದಿರದು. ಇತ್ತ ಡಾಂಗ್ಲಾರ್ ತಾನು ಕಟ್ಟಿದ್ದನ್ನು ನೋಡಲು ಹೋಗದೆ ತೆರೆಯ ಹಿಂದೆ ಕುರ್ಚಿಯೊಂದರಲ್ಲಿ ಒಬ್ಬನೇ ಕುಳಿತು ಸಂಗೀತಕ್ಕೆ ಕಿವಿಗೊಡುತ್ತಾನೆ. ತಾಳಕ್ಕೆ ಸರಿಯಾಗಿ ಅವನ ಕಾಲು ತಾನಾಗಿಯೇ ಮೇಲೇಳುತ್ತದೆ.